ಬೆಕ್ಕಿನ ಹೃದಯಹುಳು: ತಡವಾಗಿ ತಿಳಿದ ಒಂದು ರೋಗದ ಚರಿತ್ರೆ

ಹೃದಯಹುಳು ಸೊಳ್ಳೆಯ ಕಡಿತದಿಂದ ಪ್ರಾಣಿಗಳ ಮೈ ಸೇರುವ, ಬಿಳಿ ನೂಲಿನಂಥ ಒಂದು ದುಂಡುಹುಳು. ಅದರ ಶಾಸ್ತ್ರೀಯ ನಾಮ ಡೈರೋಫೈಲೇರಿಯಾ ಇಮ್ಮಿಟಿಸ್. ನಾಯಿಯ ಮೈಯಲ್ಲಿ ಬಲಿತ ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್ ಉದ್ದವಿರುತ್ತದೆ. ಗಂಡು ಅದಕ್ಕಿಂತ ಗಿಡ್ಡ. ಹೆಸರಿನಲ್ಲಿ ಹೃದಯವಿದ್ದರೂ ಅದರ ಮುಖ್ಯ ಬೀಡು ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಗಳು. ಸಂಖ್ಯೆ ಹೆಚ್ಚಿದಾಗ ಹೃದಯದ ಬಲಭಾಗಕ್ಕೂ ಹಬ್ಬುತ್ತದೆ. ನಾಯಿ, ತೋಳ, ನರಿಗಳ ಮೈ ಈ ಹುಳುವಿಗೆ ಹೇಳಿ ಮಾಡಿಸಿದ ಮನೆ. ಅಲ್ಲಿ ಅದು ಐದಾರು ವರ್ಷ ಬದುಕಿ ಲಕ್ಷಗಟ್ಟಲೆ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಬೆಕ್ಕಿನ ಮೈ ಅದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಒಳಹೊಕ್ಕ ಮರಿಹುಳುಗಳಲ್ಲಿ ಬಹುಪಾಲು ಬಲಿಯುವ ಮೊದಲೇ ಸಾಯುತ್ತವೆ. ಬಲಿತು ಉಳಿಯುವುದು ಸಾಮಾನ್ಯವಾಗಿ ಒಂದೋ ಎರಡೋ ಮೂರೋ. ಹುಳು ಕಡಿಮೆ ಎಂದರೆ ಕಾಯಿಲೆಯೂ ಕಡಿಮೆ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಆ ನಂಬಿಕೆ ತಪ್ಪು. ಬೆಕ್ಕನ್ನು ಈ ರೋಗದಿಂದ ಕಾಪಾಡುವ ಪ್ರಯತ್ನದ ಚರಿತ್ರೆಯ ಬಹುಭಾಗ ಆ ತಪ್ಪನ್ನು ತಿದ್ದಿಕೊಂಡ ಚರಿತ್ರೆ.

ಹುಳುವಿನ ಪರಿಚಯ ನಾಯಿಯಿಂದ ಆಯಿತು. 1626ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಬಿರಾಗೊ ಎಂಬ ಗಣ್ಯ ಬೇಟೆನಾಯಿಗಳ ಕುರಿತ ತನ್ನ ಗ್ರಂಥದಲ್ಲಿ ನಾಯಿಯ ದೇಹದೊಳಗೆ ಕಂಡ ಹುಳುಗಳ ಪ್ರಸ್ತಾಪ ಮಾಡಿದ್ದಾನೆ. ಇದನ್ನೇ ಮೊದಲ ದಾಖಲೆಯೆಂದು ಎಣಿಸುವುದು ವಾಡಿಕೆಯಾದರೂ, ಅವನು ಕಂಡದ್ದು ಮೂತ್ರಪಿಂಡದಲ್ಲಿ ಬೆಳೆಯುವ ಬೇರೊಂದು ದೊಡ್ಡ ಹುಳುವಾಗಿರಬಹುದು ಎಂದು ಈಚಿನ ಪರೋಪಜೀವಿ ತಜ್ಞರು ವಾದಿಸಿದ್ದಾರೆ. 1843ರಲ್ಲಿ ಪ್ಯಾರಿಸ್ಸಿನ ಗ್ರೂಬಿ ಮತ್ತು ಡೆಲಫಾನ್ ನಾಯಿಯ ರಕ್ತದ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರಲ್ಲಿ ಕುಣಿದಾಡುವ ಕಣ್ಣಿಗೆ ಕಾಣದ ಮರಿಹುಳುಗಳನ್ನು ವರ್ಣಿಸಿದರು. 1847ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ನಾಯಿಯ ಹೃದಯದ ಹುಳುಗಳ ವರದಿ ಬಂತು. ಒಂಬತ್ತು ವರ್ಷಗಳ ನಂತರ, 1856ರಲ್ಲಿ, ಫಿಲಡೆಲ್ಫಿಯಾದ ನಿಸರ್ಗ ವಿಜ್ಞಾನಿ ಜೋಸೆಫ್ ಲೈಡಿ ಹುಳುವನ್ನು ವಿವರಿಸಿ ಫೈಲೇರಿಯಾ ಇಮ್ಮಿಟಿಸ್ ಎಂದು ಹೆಸರಿಟ್ಟ. ಡೈನೋಸಾರ್ ಮೂಳೆಗಳಿಂದ ಹಿಡಿದು ಗೆದ್ದಲಿನ ಹೊಟ್ಟೆಯ ಜೀವಿಗಳವರೆಗೆ ಕೈಯಾಡಿಸಿದ್ದ ವಿದ್ವಾಂಸ ಆತ. ಫ್ರಾನ್ಸಿನ ರೈಲಿಯೆ ಮತ್ತು ಆನ್ರಿ 1911ರಲ್ಲಿ ಹುಳುವನ್ನು ಹೊಸ ಜಾತಿಗೆ ಸೇರಿಸಿದಾಗ ಅದಕ್ಕೆ ಈಗಿನ ಹೆಸರು ಸಿಕ್ಕಿತು.

ಹುಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಮನುಷ್ಯರ ಆನೆಕಾಲು ರೋಗದ ಅಧ್ಯಯನದ ಜೊತೆಯಲ್ಲೇ ಸಿಕ್ಕಿತು. ಎರಡೂ ಹುಳುಗಳು ಒಂದೇ ವಂಶದವು. ಕಲ್ಕತ್ತೆಯಲ್ಲಿ ಸೇನಾ ವೈದ್ಯನಾಗಿದ್ದ ಟಿಮೊಥಿ ಲೂಯಿಸ್ 1872ರಲ್ಲಿ ಮನುಷ್ಯರ ರಕ್ತದಲ್ಲಿ ಮರಿಹುಳುಗಳನ್ನು ಕಂಡ. 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಸೋಂಕು ತಗಲಿದವನ ರಕ್ತ ಕುಡಿದ ಸೊಳ್ಳೆಗಳನ್ನು ದಿನದಿನವೂ ಸೀಳಿ ನೋಡಿ, ಮರಿಗಳು ಸೊಳ್ಳೆಯೊಳಗೆ ಬೆಳೆಯುತ್ತವೆ ಎಂದು ತೋರಿಸಿದ. ಆದರೆ ಸೊಳ್ಳೆ ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಅಂಟುತ್ತದೆ ಎಂದೇ ಅವನು ತಿಳಿದ. ಕೊನೆಯ ಕೊಂಡಿ ಜೋಡಿಸಿದ್ದು ನಾಯಿಯ ಹುಳು. 1900ರಲ್ಲಿ ಇಟಲಿಯ ಗ್ರಾಸಿ ಮತ್ತು ನೋಯೆ, ನಾಯಿಯ ಹೃದಯಹುಳುವಿನ ಮರಿಗಳು ಸೊಳ್ಳೆಯ ಸೊಂಡಿಲಿಗೆ ಬಂದು ಸೇರುತ್ತವೆ, ಕಡಿಯುವ ಹೊತ್ತಿನಲ್ಲಿ ಹೊರಬರುತ್ತವೆ ಎಂದು ಪ್ರಕಟಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಜಾರ್ಜ್ ಲೋ, ಆಸ್ಟ್ರೇಲಿಯಾದಿಂದ ಥಾಮಸ್ ಬ್ಯಾಂಕ್ರಾಫ್ಟ್ ಕಳಿಸಿದ್ದ ಸೊಳ್ಳೆಗಳ ಸೊಂಡಿಲಿನಲ್ಲಿ ಮನುಷ್ಯರ ಹುಳುವಿನ ಮರಿಗಳನ್ನು ಗುರುತಿಸಿದ. ಎರಡು ರೋಗಗಳ ಈ ನಂಟು ಮುಂದೆ ಔಷಧಗಳ ಕಾಲಕ್ಕೂ ಮುಂದುವರಿಯಿತು.

ಸೊಳ್ಳೆಯೊಳಗಿನ ಘಟ್ಟವನ್ನು ತುಸು ನಿಧಾನವಾಗಿ ನೋಡಬೇಕು. ರಕ್ಷಣೆಯ ಲೆಕ್ಕಾಚಾರವೆಲ್ಲ ಅದರ ಮೇಲೆ ನಿಂತಿದೆ. ಸೋಂಕಿರುವ ನಾಯಿಯ ರಕ್ತ ಕುಡಿದ ಹೆಣ್ಣು ಸೊಳ್ಳೆಯ ಹೊಟ್ಟೆ ಸೇರಿದ ಮರಿಹುಳುಗಳು ಅಲ್ಲಿಂದ ಸೊಳ್ಳೆಯ ವಿಸರ್ಜನಾ ನಾಳಗಳಿಗೆ ಹೋಗಿ ಎರಡು ಸಲ ಪೊರೆ ಕಳಚುತ್ತವೆ. ಮೂರನೆಯ ಹಂತ ಮುಟ್ಟಿದ ಮರಿ ತಲೆಯ ಕಡೆಗೆ ಸಾಗಿ ಸೊಂಡಿಲಿನ ಕವಚದಲ್ಲಿ ಕಾದು ಕೂರುತ್ತದೆ. ಹವೆ 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಇದಕ್ಕೆಲ್ಲ ಹತ್ತರಿಂದ ಹದಿನಾಲ್ಕು ದಿನ ಸಾಕು. 14 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತೇ ಹೋಗುತ್ತದೆ. ಸೊಳ್ಳೆ ಮತ್ತೆ ಕಡಿದಾಗ ಅದರ ಸೊಂಡಿಲಿನಿಂದ ಒಂದು ಹನಿ ದ್ರವ ಚರ್ಮದ ಮೇಲೆ ಬೀಳುತ್ತದೆ. ಮರಿಗಳು ಆ ಹನಿಯಲ್ಲಿ ತೆವಳಿ, ಸೊಳ್ಳೆ ಕೊರೆದು ಬಿಟ್ಟ ರಂಧ್ರದ ಮೂಲಕವೇ ಒಳನುಗ್ಗುತ್ತವೆ. ಸೊಳ್ಳೆ ಅವನ್ನು ಸೂಜಿಮದ್ದಿನಂತೆ ನೇರವಾಗಿ ರಕ್ತಕ್ಕೆ ಚುಚ್ಚುವುದಿಲ್ಲ. ಒಳಹೊಕ್ಕ ಮರಿಗಳು ಕೆಲವೇ ದಿನಗಳಲ್ಲಿ ನಾಲ್ಕನೆಯ ಹಂತಕ್ಕೆ ಬಂದು, ಸುಮಾರು ಎರಡು ತಿಂಗಳ ಕಾಲ ಚರ್ಮದಡಿಯ ಅಂಗಾಂಶದಲ್ಲಿ, ಸ್ನಾಯುಗಳಲ್ಲಿ ಅಲೆಯುತ್ತವೆ. ಆಮೇಲೆ ರಕ್ತನಾಳ ಹೊಕ್ಕು, ಮೂರನೆಯ ತಿಂಗಳ ಹೊತ್ತಿಗೆ ಶ್ವಾಸಕೋಶದ ಅಪಧಮನಿಗಳನ್ನು ಮುಟ್ಟುತ್ತವೆ. ಅಲ್ಲಿ ಬಲಿತು ಸಂತಾನ ಬಿಡಲು ಬೆಕ್ಕಿನಲ್ಲಿ ಏಳೆಂಟು ತಿಂಗಳು ಬೇಕು. ಅಂಗಾಂಶದಲ್ಲಿ ಅಲೆಯುವ ಆ ಮೊದಲ ಎರಡು ತಿಂಗಳೇ ಹುಳು ಔಷಧಕ್ಕೆ ಸುಲಭವಾಗಿ ಬಲಿಯಾಗುವ ಕಾಲ. ಇದು ತಿಳಿಯಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಕಾಯಬೇಕಾಯಿತು.

ಬೆಕ್ಕಿನಲ್ಲಿ ಹೃದಯಹುಳು ಇರುವುದನ್ನು ಮೊದಲು ವರದಿ ಮಾಡಿದ್ದು ಬ್ರೆಜಿಲ್ಲಿನ ಪರೋಪಜೀವಿ ತಜ್ಞ ಲಾವ್ರೊ ತ್ರವಾಸೋಸ್, 1921ರಲ್ಲಿ. ಲೈಡಿ ಹುಳುವಿಗೆ ಹೆಸರಿಟ್ಟು ಅಷ್ಟರಲ್ಲಿ ಅರವತ್ತೈದು ವರ್ಷವಾಗಿತ್ತು. ಆಮೇಲೂ ಬೇರೆ ಬೇರೆ ದೇಶಗಳಿಂದ ಆಗೊಂದು ಈಗೊಂದು ವರದಿ ಬರುತ್ತಿತ್ತೇ ಹೊರತು ಯಾರೂ ಅದನ್ನು ಬೆನ್ನುಹತ್ತಲಿಲ್ಲ. ಸತ್ತ ಬೆಕ್ಕನ್ನು ಕೊಯ್ದು ನೋಡಿದಾಗ ಒಂದು ಹುಳು ಸಿಕ್ಕರೆ ಅದನ್ನು ಅಪರೂಪದ ಸಂಗತಿಯೆಂದು ಬರೆದಿಡುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಆಗ ರೋಗ ಪತ್ತೆಗಿದ್ದ ದಾರಿ ರಕ್ತದಲ್ಲಿ ಮರಿಹುಳು ಹುಡುಕುವುದೊಂದೇ. ನಾಯಿಯ ರಕ್ತದ ಒಂದು ಹನಿಯಲ್ಲಿ ಅವು ಎದ್ದು ಕಾಣುತ್ತವೆ. ಬೆಕ್ಕಿನಲ್ಲಿರುವ ಒಂದೆರಡು ಹುಳುಗಳಲ್ಲಿ ಗಂಡು ಹೆಣ್ಣು ಎರಡೂ ಇದ್ದರಷ್ಟೇ ಮರಿ. ಮರಿ ಹುಟ್ಟಿದರೂ ಬೆಕ್ಕಿನ ದೇಹ ಅವನ್ನು ಬೇಗನೆ ತೊಡೆದುಹಾಕುತ್ತದೆ. ಹೀಗಾಗಿ ಸೋಂಕಿದ್ದ ಬೆಕ್ಕುಗಳೂ ಪರೀಕ್ಷೆಯಲ್ಲಿ ಆರೋಗ್ಯವಾಗಿರುವಂತೆ ಕಂಡವು. ನಾಯಿಗೆಂದು ಮಾಡಿದ ಅಳತೆಗೋಲಿನಿಂದ ಬೆಕ್ಕನ್ನು ಅಳೆದ ಮೊದಲ ತಪ್ಪು ಇದು. ಇದೇ ತಪ್ಪು ಮುಂದೆ ಇನ್ನೂ ಎರಡು ಸಲ ನಡೆಯಿತು.

ನಾಯಿಗಳ ಚಿಕಿತ್ಸೆ ಮಾತ್ರ ಭರದಿಂದ ಬೆಳೆಯಿತು. 1940ರ ದಶಕದ ಕೊನೆಯಲ್ಲಿ ಪಾಷಾಣದ ಸಂಯುಕ್ತವಾದ ಥಯಾಸೆಟಾರ್ಸಮೈಡ್ ಬಲಿತ ಹುಳುಗಳನ್ನು ಕೊಲ್ಲುವ ಔಷಧವಾಗಿ ಬಳಕೆಗೆ ಬಂತು. ರಕ್ತನಾಳಕ್ಕೆ ಕೊಡಬೇಕಾದ, ಸ್ವಲ್ಪ ಹೊರಗೆ ಸೋರಿದರೂ ಮಾಂಸ ಸುಡುವ ಉಗ್ರ ಮದ್ದು ಅದು. ಅದೇ ಹೊತ್ತಿಗೆ, 1947ರಲ್ಲಿ, ಅಮೆರಿಕದ ಲೆಡರ್ಲ್ ಪ್ರಯೋಗಾಲಯದಿಂದ ಡೈಈಥೈಲ್‌ಕಾರ್ಬಮಜೀನ್ ಹೊರಬಂತು. ಆಗ ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆನೆಕಾಲು ರೋಗಕ್ಕೆ ಅದು ಕೈಗೆಟುಕುವ ಮದ್ದಾಯಿತು. ಭಾರತ 1955ರಲ್ಲಿ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದ ಮೇಲೆ ಕಲಬುರಗಿ, ಬೀದರ್ ಸೀಮೆಯ ಹಳ್ಳಿಗಳವರೆಗೂ ಅದು ಹರಡಿತು. ರಾತ್ರಿ ಹೊತ್ತು ಮನೆಮನೆಗೆ ಬಂದು ಬೆರಳ ತುದಿಯ ರಕ್ತ ತೆಗೆದು, ಗುಳಿಗೆ ಕೊಟ್ಟು ಹೋಗುತ್ತಿದ್ದ ಆರೋಗ್ಯ ಸಿಬ್ಬಂದಿಯ ಕೈಯಲ್ಲಿದ್ದ ಗುಳಿಗೆಯೂ ಅಮೆರಿಕದ ನಾಯಿಗಳಿಗೆ ಹೃದಯಹುಳು ಬಾರದಂತೆ ತಿನ್ನಿಸುತ್ತಿದ್ದ ಗುಳಿಗೆಯೂ ಒಂದೇ ಮದ್ದು.

ನಾಯಿಗಳ ವಿಷಯದಲ್ಲಿ ಈ ಮದ್ದಿಗೆ ಎರಡು ತೊಡಕುಗಳಿದ್ದವು. ಅದನ್ನು ಸೊಳ್ಳೆಗಾಲ ಮುಗಿಯುವವರೆಗೆ, ಮುಗಿದ ಮೇಲೂ ಕೆಲಕಾಲ, ದಿನವೂ ತಪ್ಪದೆ ಕೊಡಬೇಕಿತ್ತು. ರಕ್ತದಲ್ಲಿ ಆಗಲೇ ಮರಿಹುಳುಗಳಿದ್ದ ನಾಯಿಗೆ ಕೊಟ್ಟರೆ ಮರಿಗಳು ಒಮ್ಮೆಲೇ ಸತ್ತು ನಾಯಿಯ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು. ಬೆಕ್ಕಿನ ಮಾತಂತೂ ದೂರ ಉಳಿಯಿತು. ಬೆಕ್ಕಿಗೆ ಒಂದು ದಿನ ಗುಳಿಗೆ ನುಂಗಿಸುವುದೇ ಹೋರಾಟ. ತಿಂಗಳುಗಟ್ಟಲೆ ದಿನಾ ನುಂಗಿಸುವ ಉಪಾಯವನ್ನು ಯಾವ ಮನೆಯೂ ಪಾಲಿಸುವಂತಿರಲಿಲ್ಲ. ರೋಗವೇ ಅಪರೂಪ ಎಂಬ ನಂಬಿಕೆ ಗಟ್ಟಿಯಾಗಿದ್ದಾಗ ಯಾರೂ ಆ ಗೋಜಿಗೆ ಹೋಗಲೂ ಇಲ್ಲ. 1974ರಲ್ಲಿ ಹುಟ್ಟಿದ ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಗಮನವೂ ಬಹುಕಾಲ ಮುಖ್ಯವಾಗಿ ನಾಯಿಯ ಮೇಲೆಯೇ ಇತ್ತು.

ಅದೇ 1974ರಲ್ಲಿ ಜಪಾನಿನಲ್ಲಿ ನಡೆದ ಒಂದು ಸಣ್ಣ ಕೆಲಸ ಈ ಕಥೆಯ ದಿಕ್ಕು ಬದಲಿಸಿತು. ಟೋಕಿಯೋದ ಕಿಟಸಾಟೊ ಸಂಸ್ಥೆಯ ಸಟೋಶಿ ಓಮುರ ಹೋದಲ್ಲೆಲ್ಲ ಮಣ್ಣು ಸಂಗ್ರಹಿಸುವ ಅಭ್ಯಾಸದವರು. ಶಿಜುವೊಕ ಪ್ರಾಂತದ ಕವನ ಎಂಬಲ್ಲಿ, ಗಾಲ್ಫ್ ಮೈದಾನವೊಂದರ ಬಳಿಯಿಂದ ತೆಗೆದ ಮಣ್ಣಿನಲ್ಲಿ ಅವರಿಗೆ ಹೊಸದೊಂದು ಸ್ಟ್ರೆಪ್ಟೊಮೈಸಿಸ್ ಜೀವಾಣು ಸಿಕ್ಕಿತು. ಅದೂ ಸೇರಿ ಹಲವು ಮಾದರಿಗಳು ಅಮೆರಿಕದ ನ್ಯೂಜೆರ್ಸಿಯ ಮರ್ಕ್ ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಐರ್ಲೆಂಡ್ ಮೂಲದ ವಿಲಿಯಂ ಕ್ಯಾಂಬೆಲ್ ಮತ್ತು ಸಂಗಡಿಗರು ಹೊಟ್ಟೆಹುಳು ತಗಲಿಸಿದ ಇಲಿಗಳಿಗೆ ಈ ಜೀವಾಣುಗಳ ಸಾರವನ್ನು ತಿನ್ನಿಸಿ ನೋಡುತ್ತಿದ್ದರು. ಕವನದ ಮಣ್ಣಿನ ಜೀವಾಣುವಿನ ಸಾರ ತಿಂದ ಇಲಿಯ ಹೊಟ್ಟೆಯಲ್ಲಿ ಹುಳುಗಳೇ ಉಳಿಯಲಿಲ್ಲ. ಅದರಿಂದ ಬೇರ್ಪಡಿಸಿದ ಅವರ್ಮೆಕ್ಟಿನ್‌ಗಳನ್ನು ತುಸು ಮಾರ್ಪಡಿಸಿ ಐವರ್ಮೆಕ್ಟಿನ್ ತಯಾರಾಯಿತು. 1981ರಲ್ಲಿ ಅದು ದನಕುರಿಗಳ ಮದ್ದಾಗಿ ಮಾರುಕಟ್ಟೆಗೆ ಬಂತು. ಓಮುರ, ಕ್ಯಾಂಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಮರ್ಕ್ ತಂಡ ಹೃದಯಹುಳುವನ್ನೂ ಬಿಡಲಿಲ್ಲ. 1978ರಲ್ಲಿಯೇ ಲಿಂಡಿಯಾ ಬ್ಲೇರ್ ಮತ್ತು ಕ್ಯಾಂಬೆಲ್ ಫೆರೆಟ್ ಎಂಬ ಸಣ್ಣ ಸಾಕುಪ್ರಾಣಿಗಳಿಗೆ ಹೃದಯಹುಳುವಿನ ಮರಿಗಳನ್ನು ತಗಲಿಸಿ, ಅವು ಹೃದಯ ಮುಟ್ಟುವ ಮೊದಲೇ ಅವರ್ಮೆಕ್ಟಿನ್ ಕೊಟ್ಟು ಪರೀಕ್ಷಿಸಿದ್ದರು. ಅಂಗಾಂಶದಲ್ಲಿ ಅಲೆಯುವ ಮರಿಗಳನ್ನು ಕೊಲ್ಲಲು ಬೇಕಾದ ಪ್ರಮಾಣ ತೀರಾ ಚಿಕ್ಕದು ಎಂಬುದು ಮುಂದಿನ ಪ್ರಯೋಗಗಳಲ್ಲಿ ಗೊತ್ತಾಯಿತು. ನಾಯಿಗೆ ಒಂದು ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ, ಅದೂ ತಿಂಗಳಿಗೊಮ್ಮೆ. ದನಕ್ಕೆ ಕೊಡುವ ಪ್ರಮಾಣ ಕಿಲೋಗೆ 200 ಮೈಕ್ರೋಗ್ರಾಂ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕೋಲಿ ತಳಿಯ ನಾಯಿಗಳು ನಡುಗಿ, ಪ್ರಜ್ಞೆ ತಪ್ಪಿ ಸಾಯುತ್ತಿದ್ದುದು ಆಗಲೇ ತಿಳಿದಿದ್ದರಿಂದ ಈ ಚಿಕ್ಕ ಪ್ರಮಾಣ ದೊಡ್ಡ ನೆಮ್ಮದಿಯ ಸಂಗತಿಯಾಗಿತ್ತು. 1987ರಲ್ಲಿ ನಾಯಿಗಳ ಮಾಸಿಕ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದಿನದ ಗುಳಿಗೆ ಹೋಗಿ ತಿಂಗಳ ಗುಳಿಗೆ ಬಂದದ್ದು ಸಾಕುಪ್ರಾಣಿ ವೈದ್ಯದಲ್ಲಿ ನಿಜಕ್ಕೂ ಒಂದು ತಿರುವು.

ತಿಂಗಳಿಗೊಮ್ಮೆ ಎಂಬ ಲೆಕ್ಕ ಎಲ್ಲಿಂದ ಬಂತು ಎಂಬುದರಲ್ಲೇ ಈ ರಕ್ಷಣೆಯ ಗುಟ್ಟಿದೆ. ಈ ಮದ್ದು ಸೊಳ್ಳೆ ಕಡಿಯದಂತೆ ತಡೆಯುವುದಿಲ್ಲ. ಮುಂದಿನ ತಿಂಗಳ ಸೋಂಕಿಗೆ ಅಡ್ಡ ನಿಲ್ಲುವುದೂ ಅದರ ಮೂಲ ಕೆಲಸವಲ್ಲ. ಹಿಂದಿನ ಮೂವತ್ತು ದಿನಗಳಲ್ಲಿ ಒಳಬಂದು ಅಂಗಾಂಶದಲ್ಲಿ ಅಲೆಯುತ್ತಿರುವ ಮರಿಗಳನ್ನು ಕೊಲ್ಲುವುದು ಅದರ ಕೆಲಸ. ಮರಿಗಳಿಗೆ ರಕ್ತನಾಳ ಸೇರಲು ಎರಡು ತಿಂಗಳು ಬೇಕಿರುವುದರಿಂದ ಕೆಲವು ದಿನ ತಡವಾದರೂ ಅನಾಹುತವಿಲ್ಲ. ಆದರೆ ಎರಡು ತಿಂಗಳು ದಾಟಿದ ಹುಳು ಈ ಚಿಕ್ಕ ಪ್ರಮಾಣಕ್ಕೆ ಜಗ್ಗುವುದಿಲ್ಲ. ಸೊಳ್ಳೆಗಾಲ ಮುಗಿದ ಮೇಲೂ ಮದ್ದು ಮುಂದುವರಿಸಬೇಕೆಂಬ ನಿಯಮದ ಹಿಂದಿರುವ ಕಾರಣವೂ ಇದೇ.

ಇಷ್ಟಾದರೂ ಬೆಕ್ಕು ಇನ್ನೂ ಹೊರಗೇ ಇತ್ತು. 1980ರ ದಶಕದಲ್ಲಿ ಹೊಸ ರಕ್ತಪರೀಕ್ಷೆ ಬಂತು. ಬಲಿತ ಹೆಣ್ಣುಹುಳು ರಕ್ತಕ್ಕೆ ಬಿಡುವ ಪ್ರೋಟೀನನ್ನು ಅದು ಗುರುತಿಸುತ್ತದೆ. ನಾಯಿಗಳಲ್ಲಿ ಇದು ಅತ್ಯುತ್ತಮ ಪರೀಕ್ಷೆ. ಬೆಕ್ಕಿನಲ್ಲಿ ಇರುವುದು ಗಂಡುಹುಳು ಮಾತ್ರವಾದರೆ, ಅಥವಾ ಹುಳು ಇನ್ನೂ ಬಲಿಯದಿದ್ದರೆ, ಪರೀಕ್ಷೆ ಏನನ್ನೂ ತೋರಿಸುವುದಿಲ್ಲ. ಅಳತೆಗೋಲಿನ ಎರಡನೆಯ ತಪ್ಪು ಇಲ್ಲಿ ನಡೆಯಿತು: ಪರೀಕ್ಷೆ ಇಲ್ಲವೆಂದದ್ದನ್ನು ರೋಗವೇ ಇಲ್ಲವೆಂದು ಓದಲಾಯಿತು. ಸಂಶಯ ಹುಟ್ಟಿದ್ದು ಶವಪರೀಕ್ಷೆಗಳಿಂದ. ಅಮೆರಿಕದ ಆಗ್ನೇಯ ಭಾಗದ ಪ್ರಾಣಿ ಆಶ್ರಯಗಳ ಬೆಕ್ಕುಗಳ ಶವಗಳನ್ನು ಕೊಯ್ದು ನೋಡಿದಾಗ ರಕ್ತಪರೀಕ್ಷೆ ಹೇಳಿದ್ದಕ್ಕಿಂತ ಹೆಚ್ಚು ಬೆಕ್ಕುಗಳಲ್ಲಿ ಹುಳು ಸಿಕ್ಕಿತು. ಒಂದು ಊರಿನ ನಾಯಿಗಳಲ್ಲಿ ಎಷ್ಟು ಸೋಂಕಿದೆಯೋ ಅದರ ಶೇಕಡಾ 5ರಿಂದ 20ರಷ್ಟು ಬೆಕ್ಕುಗಳಲ್ಲಿ ಬಲಿತ ಹುಳುಗಳಿರುತ್ತವೆ ಎಂಬ ಅಂದಾಜು ಕ್ರಮೇಣ ರೂಪುಗೊಂಡಿತು. 1990ರ ದಶಕದಲ್ಲಿ, ಮರಿಹುಳುಗಳ ವಿರುದ್ಧ ಬೆಕ್ಕಿನ ದೇಹವೇ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಸೇರಿಕೊಂಡಿತು. ಅದು ಹುಳು ಈಗ ಇದೆಯೆಂದು ಹೇಳುವುದಿಲ್ಲ. ಎಂದೋ ಒಳಹೊಕ್ಕಿತ್ತು ಎಂದಷ್ಟೇ ಹೇಳುತ್ತದೆ. ಆದ್ದರಿಂದ ಎರಡೂ ಪರೀಕ್ಷೆ ಮಾಡಿ, ಎಕ್ಸ್‌ರೇ ತೆಗೆದು, ಹೃದಯದ ಅಲ್ಟ್ರಾಸೌಂಡ್ ನೋಡಿ ತೀರ್ಮಾನಕ್ಕೆ ಬರುವ ಪದ್ಧತಿ ಬೆಳೆಯಿತು. ಅಲ್ಟ್ರಾಸೌಂಡ್ ಪರದೆಯ ಮೇಲೆ ಹುಳುವಿನ ಮೈಗೋಡೆ ಎರಡು ಚಿಕ್ಕ ಸಮಾಂತರ ಬಿಳಿ ಗೆರೆಗಳಾಗಿ, ಗಣಿತದ ಸಮಚಿಹ್ನೆಯ ಹಾಗೆ, ಮಿಡಿಯುವ ರಕ್ತನಾಳದ ನಡುವೆ ಕಾಣುತ್ತದೆ. ಬದುಕಿರುವ ಬೆಕ್ಕಿನಲ್ಲಿ ಹುಳುವನ್ನು ಕಣ್ಣಾರೆ ಕಾಣುವ ಮುಖ್ಯ ದಾರಿ ಇದು.

ಮನೆಯೊಳಗೇ ಇರುವ ಬೆಕ್ಕಿಗೆ ಭಯವಿಲ್ಲ ಎಂಬ ಭಾವನೆಯೂ ಇದೇ ಕಾಲದಲ್ಲಿ ಕುಸಿಯಿತು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2000ನೇ ಇಸವಿಯ ಸುಮಾರಿಗೆ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕಿತ ಬೆಕ್ಕುಗಳಲ್ಲಿ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಮನೆಯೊಳಗೇ ಬೆಳೆದವು ಎಂದು ಅವುಗಳ ಯಜಮಾನರು ಹೇಳಿದ್ದರು. ಸೊಳ್ಳೆಗೆ ಕಿಟಕಿಯ ಒಂದು ಸಂದಿ ಸಾಕು.

ಬೆಕ್ಕಿಗೆಂದೇ ಮದ್ದು ಬಂದದ್ದೂ ಈ ಅವಧಿಯಲ್ಲೇ. 1990ರ ದಶಕದ ದ್ವಿತೀಯಾರ್ಧದಲ್ಲಿ ಬೆಕ್ಕಿನ ಐವರ್ಮೆಕ್ಟಿನ್ ಗುಳಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪ್ರಮಾಣ ಕಿಲೋಗೆ 24 ಮೈಕ್ರೋಗ್ರಾಂ, ಅಂದರೆ ನಾಯಿಯದರ ನಾಲ್ಕು ಪಟ್ಟು. ನಾಯಿಯ ಗುಳಿಗೆಯನ್ನು ತೂಕ ನೋಡಿ ಮುರಿದು ಬೆಕ್ಕಿಗೆ ಕೊಟ್ಟರೆ ಸಾಲದು ಎಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ. ಜಪಾನಿನ ಇನ್ನೊಂದು ಮಣ್ಣುಜೀವಾಣುವಿನಿಂದ ಬಂದ ಮಿಲ್ಬೆಮೈಸಿನ್ ಕೂಡ ಅದೇ ದಶಕದಲ್ಲಿ ಬೆಕ್ಕಿನ ಗುಳಿಗೆಯಾಯಿತು. 1999ರಲ್ಲಿ ಬಂದ ಸೆಲಮೆಕ್ಟಿನ್ ಗುಳಿಗೆಯ ಗೊಡವೆಯನ್ನೇ ತಪ್ಪಿಸಿತು. ಹೆಗಲೆಲುಬುಗಳ ನಡುವೆ, ಬೆಕ್ಕಿನ ನಾಲಿಗೆ ಎಟುಕದ ಕತ್ತಿನ ಹಿಂಭಾಗದಲ್ಲಿ, ಕೂದಲು ಬಿಡಿಸಿ ಚರ್ಮದ ಮೇಲೆ ಹನಿಸಿದರೆ ಅದು ಚರ್ಮದ ಮೂಲಕ ರಕ್ತ ಸೇರುತ್ತದೆ. ಚಿಗಟ, ಕಿವಿನುಸಿ, ಕೆಲವು ಹೊಟ್ಟೆಹುಳುಗಳನ್ನೂ ಅದೇ ನೋಡಿಕೊಳ್ಳುತ್ತದೆ. ಆಮೇಲೆ ಮಾಕ್ಸಿಡೆಕ್ಟಿನ್, ಎಪ್ರಿನೊಮೆಕ್ಟಿನ್ ಸೇರಿದ ಹನಿಮದ್ದುಗಳೂ ಬಂದವು. ಬೆಕ್ಕಿನ ಸ್ವಭಾವವನ್ನು ಅರಿತು ಮಾಡಿದ ಮದ್ದುಗಳೆಂದರೆ ಇವೇ. ಬೆಕ್ಕುಗಳ ರಕ್ಷಣೆ ಕಾಗದದಿಂದ ಮನೆಗೆ ಬಂದದ್ದಕ್ಕೆ ಸಲ್ಲಬೇಕಾದ ಮನ್ನಣೆಯಲ್ಲಿ ದೊಡ್ಡ ಪಾಲು ಈ ಹನಿಯದು.

ಮೂರನೆಯ ತಪ್ಪು ತಿದ್ದಿದ್ದು 2000ದ ದಶಕದಲ್ಲಿ, ಮತ್ತು ಅದು ಎಲ್ಲಕ್ಕಿಂತ ಮುಖ್ಯವಾದದ್ದು. ಹೃದಯಹುಳು ರೋಗವೆಂದರೆ ಬಲಿತ ಹುಳುವಿನ ರೋಗ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. ನಾಯಿಯ ಮಟ್ಟಿಗೆ ಅದು ಸರಿ. ಆದರೆ ಕೆಮ್ಮುವ, ಏದುಸಿರು ಬಿಡುವ, ಊಟಕ್ಕೆ ಸಂಬಂಧವೇ ಇಲ್ಲದೆ ವಾಂತಿ ಮಾಡುವ, ಮಂಕಾಗಿ ಸೊರಗುವ ಬೆಕ್ಕುಗಳಲ್ಲಿ ಎಷ್ಟೋ ಸಲ ಬಲಿತ ಹುಳುವೇ ಇರುತ್ತಿರಲಿಲ್ಲ. ಅವಕ್ಕೆ ಉಬ್ಬಸ ಎಂದು ಹೇಳಿ ಕಳಿಸಲಾಗುತ್ತಿತ್ತು. ಅಮೆರಿಕದ ಅಲಬಾಮದ ಆಬರ್ನ್ ವಿಶ್ವವಿದ್ಯಾಲಯದ ಬೈರನ್ ಬ್ಲಾಗ್‌ಬರ್ನ್ ಮತ್ತು ರೇ ಡಿಲನ್ ಇದನ್ನು ಬೆನ್ನುಹತ್ತಿದರು. ಬೆಕ್ಕುಗಳಿಗೆ ಸೋಂಕು ತಗಲಿಸಿ ನಡೆಸಿದ ಪ್ರಯೋಗಗಳಲ್ಲಿ, ಹುಳುಗಳು ಶ್ವಾಸಕೋಶ ಮುಟ್ಟಿದ ಮೇಲೆ, ಆದರೆ ಬಲಿಯುವ ಮೊದಲೇ ಮದ್ದು ಕೊಟ್ಟು ಅವನ್ನು ಕೊಲ್ಲಲಾಯಿತು. ಒಂದೂ ಬಲಿತ ಹುಳು ಇಲ್ಲದ ಆ ಬೆಕ್ಕುಗಳ ಶ್ವಾಸನಾಳ, ಗಾಳಿಚೀಲಗಳ ಗೋಡೆ, ಸಣ್ಣ ಅಪಧಮನಿಗಳಲ್ಲಿ ಹಾನಿ ಸ್ಪಷ್ಟವಾಗಿತ್ತು. ಎಳೆಯ ಮರಿಗಳಿದ್ದಾಗಲೇ ಮದ್ದು ಪಡೆದ ಬೆಕ್ಕುಗಳ ಶ್ವಾಸಕೋಶ ಹಾಗೆ ಕೆಡಲಿಲ್ಲ. ಹುಳುವಿನಿಂದ ಹುಟ್ಟುವ ಉಸಿರಾಟದ ಈ ರೋಗಕ್ಕೆ ಹಾರ್ಡ್ ಎಂಬ ಸಂಕ್ಷಿಪ್ತ ಹೆಸರು 2007ರ ಹೊತ್ತಿಗೆ ಪ್ರಚಾರಕ್ಕೆ ಬಂತು. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯೂ ಅಲ್ಲಿನ ಬೆಕ್ಕಿನ ವೈದ್ಯರ ಸಂಘವೂ ಜೊತೆಗೂಡಿ ಜಾಗೃತಿ ಅಭಿಯಾನ ನಡೆಸಿದವು.

ಬೆಕ್ಕಿನ ಶ್ವಾಸಕೋಶವೇ ಹೀಗೆ ಕೆರಳುವುದಕ್ಕೆ ದೇಹರಚನೆಯಲ್ಲಿ ಕಾರಣವಿದೆ. ಬೆಕ್ಕಿನ ಶ್ವಾಸಕೋಶದ ಲೋಮನಾಳಗಳ ಒಳಗೋಡೆಗೆ ಅಂಟಿಕೊಂಡು ಒಂದು ಬಗೆಯ ಭಕ್ಷಕ ಕಣಗಳಿರುತ್ತವೆ. ನಾಯಿಯಲ್ಲಿ ಈ ಏರ್ಪಾಡಿಲ್ಲ. ಸೋಂಕು ತಗಲಿದ ಮೂರನೆಯ ತಿಂಗಳಲ್ಲಿ ಎಳೆ ಹುಳುಗಳು ಬಂದು ಸಾಯತೊಡಗಿದಾಗ ಈ ಕಣಗಳು ಜೋರಾಗಿ ಉರಿಯೂತ ಹುಟ್ಟಿಸುತ್ತವೆ. ಅದನ್ನು ದಾಟಿ ಒಂದೆರಡು ಹುಳು ಬಲಿತರೆ, ಅವು ಬೆಕ್ಕಿನ ಪ್ರತಿರೋಧವನ್ನು ತಗ್ಗಿಸಿಬಿಡುತ್ತವೆ. ಎರಡರಿಂದ ನಾಲ್ಕು ವರ್ಷ ಬೆಕ್ಕು ಚೆನ್ನಾಗಿಯೇ ಇರುವಂತೆ ಕಾಣಬಹುದು. ಕಡೆಗೆ ಆ ಹುಳು ಮುದಿಯಾಗಿ ಸತ್ತ ದಿನ ಅದರ ಚೂರುಗಳು ಶ್ವಾಸಕೋಶದ ರಕ್ತನಾಳಕ್ಕೆ ಅಡ್ಡಲಾಗುತ್ತವೆ, ತಡೆಹಿಡಿದಿದ್ದ ಉರಿಯೂತ ಒಮ್ಮೆಲೇ ಭುಗಿಲೇಳುತ್ತದೆ. ಬೆಳಗ್ಗೆ ಆಡುತ್ತಿದ್ದ ಬೆಕ್ಕು ಸಂಜೆಗೆ ಇಲ್ಲವಾಗುವುದುಂಟು. ಒಂದೇ ಒಂದು ಹುಳು ಬೆಕ್ಕನ್ನು ಕೊಲ್ಲಬಲ್ಲದು. ಇದರ ಜೊತೆಗೆ ಹುಳುವಿನೊಳಗೇ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾವೂ ಇದೆ. ಹೃದಯಹುಳುವಿನಲ್ಲಿರುವುದು ಅದೇ ಎಂದು ಇಟಲಿಯ ಸಂಶೋಧಕರು 1995ರಲ್ಲಿ ಗುರುತಿಸಿದ್ದರು. ಹುಳು ಸತ್ತಾಗ ಅದೂ ಹೊರಬಿದ್ದು ಉರಿಯೂತವನ್ನು ಹೆಚ್ಚಿಸುತ್ತದೆ.

ಬೆಕ್ಕಿಗೆ ಈ ರೋಗ ವಾಸಿಮಾಡುವ ಮದ್ದು ಇಲ್ಲ. ನಾಯಿಗಳಿಗೆ ಹಳೆಯ ಪಾಷಾಣದ ಬದಲು 1995ರಲ್ಲಿ ಮೆಲಾರ್ಸೊಮೈನ್ ಬಂತು. ಬೆಕ್ಕಿಗೆ ಅದು ಚಿಕ್ಕ ಪ್ರಮಾಣದಲ್ಲೂ ವಿಷ, ಹುಳುವನ್ನು ಕೊಂದರೂ ಸತ್ತ ಹುಳುವೇ ಬೆಕ್ಕಿನ ಮೃತ್ಯುವಾಗುತ್ತದೆ. ಕತ್ತಿನ ಸಿರೆಯ ಮೂಲಕ ಸಪೂರ ಉಪಕರಣ ಇಳಿಸಿ ಹುಳುವನ್ನು ಹೊರಗೆಳೆಯುವ ಶಸ್ತ್ರಚಿಕಿತ್ಸೆ ಉಂಟು. ನುರಿತ ಕೈ ಬೇಕು. ಎಳೆಯುವಾಗ ಹುಳು ತುಂಡಾದರೆ ಬೆಕ್ಕಿಗೆ ತೀವ್ರ ಆಘಾತವಾಗುತ್ತದೆ. ಉಳಿದ ದಾರಿ, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಕೊಟ್ಟು ಉಸಿರಾಟ ಹತೋಟಿಯಲ್ಲಿಟ್ಟು, ಹುಳು ತಾನಾಗಿ ಸಾಯುವವರೆಗೆ ಬೆಕ್ಕನ್ನು ಕಾಯುವುದು. ಹಾಗೆ ಕಾದು ಉಳಿದ ಬೆಕ್ಕುಗಳೂ ಬಹಳವಿವೆ. ಆದರೆ ಅದು ಚಿಕಿತ್ಸೆಯಲ್ಲ, ಆರೈಕೆ.

ರೋಗದ ನಕ್ಷೆಯೂ ಈ ನಡುವೆ ಹಿಗ್ಗಿತು. ಅಮೆರಿಕದಲ್ಲಿ ಮೊದಲು ಆಗ್ನೇಯ ಕರಾವಳಿ, ಮೆಕ್ಸಿಕೋ ಕೊಲ್ಲಿಯ ತೀರ, ಮಿಸಿಸಿಪಿ ಕಣಿವೆಗಳ ರೋಗವೆನಿಸಿದ್ದದ್ದು ಉತ್ತರಕ್ಕೆ, ಪಶ್ಚಿಮಕ್ಕೆ ಸರಿಯಿತು. 1985ರಲ್ಲಿ ಟೆಕ್ಸಸ್‌ನ ಹೂಸ್ಟನ್‌ನಲ್ಲಿ ಕಂಡುಬಂದ ಏಷ್ಯಾದ ಹುಲಿಸೊಳ್ಳೆ, ಹಳೆ ಟೈರುಗಳಲ್ಲಿ ನಿಂತ ನೀರಿನೊಂದಿಗೆ ಹಡಗಿನಲ್ಲಿ ಬಂದದ್ದು. ಅದು ಹಗಲಲ್ಲೂ ಕಡಿಯುತ್ತದೆ, ಮನೆಯಂಗಳದ ಹೂಕುಂಡದ ತಟ್ಟೆಯಲ್ಲೂ ಮೊಟ್ಟೆಯಿಡುತ್ತದೆ. 2005ರ ಕತ್ರಿನಾ ಚಂಡಮಾರುತದ ನಂತರ ಕೊಲ್ಲಿ ತೀರದ ಸಾವಿರಾರು ನಿರಾಶ್ರಿತ ಪ್ರಾಣಿಗಳನ್ನು ದೇಶದ ಮೂಲೆಮೂಲೆಗೆ ಸಾಗಿಸಲಾಯಿತು. ಹಾಗೆ ಹೋದ ನಾಯಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ನಾಯಿಗಳಿಗೆ ಹೃದಯಹುಳುವಿತ್ತು. ಅದೇ ಕಾಲದಿಂದ ಮಿಸಿಸಿಪಿ ಕಣಿವೆಯಲ್ಲಿ ಮಾಸಿಕ ಮದ್ದಿಗೆ ಬಗ್ಗದ ಹುಳುಗಳ ದೂರುಗಳು ಬರತೊಡಗಿದವು. 2014ರ ಹೊತ್ತಿಗೆ ಅಂಥ ತಳಿಗಳಿರುವುದು ಪ್ರಯೋಗಗಳಲ್ಲಿ ಸಾಬೀತಾಯಿತು. ವರ್ಷವಿಡೀ ಮದ್ದು ಕೊಡಿ, ಜೊತೆಗೆ ಸೊಳ್ಳೆಯನ್ನೂ ನಿಯಂತ್ರಿಸಿ ಎಂದು ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ನಾಯಿಗಳ ಹೃದಯಹುಳು ಮುಖ್ಯವಾಗಿ ಈಶಾನ್ಯ ರಾಜ್ಯಗಳಿಂದ ವರದಿಯಾಗಿದೆ. ದಕ್ಷಿಣದಲ್ಲಿ ಹೆಚ್ಚು ಕಾಣುವುದು ಅದರ ದಾಯಾದಿ ಡೈರೋಫೈಲೇರಿಯಾ ರೆಪೆನ್ಸ್. ನಾಯಿ ಬೆಕ್ಕುಗಳ ಚರ್ಮದಡಿ ಬದುಕುವ ಈ ಹುಳುವೂ ಸೊಳ್ಳೆಯಿಂದಲೇ ಹರಡುತ್ತದೆ, ಅಪರೂಪಕ್ಕೆ ದಾರಿತಪ್ಪಿ ಮನುಷ್ಯರಿಗೂ ಬರುತ್ತದೆ. ಕೇರಳ, ಕರಾವಳಿ ಕರ್ನಾಟಕದ ನೇತ್ರವೈದ್ಯರು ರೋಗಿಗಳ ಕಣ್ಣಿನ ಬಿಳಿಗುಡ್ಡೆಯ ಪೊರೆಯಡಿಯಿಂದ ಜೀವಂತ ಹುಳು ತೆಗೆದ ವರದಿಗಳಿವೆ. ಆನೆಕಾಲು ನಿರ್ಮೂಲನೆಗಾಗಿ ಹಳೆಯ ಡೈಈಥೈಲ್‌ಕಾರ್ಬಮಜೀನ್, ಆಲ್ಬೆಂಡಜೋಲ್‌ಗಳ ಜೊತೆಗೆ ಐವರ್ಮೆಕ್ಟಿನ್ ಸೇರಿಸಿ ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ಭಾರತ ಮೊದಲು ಕೈಗೊಂಡ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ನಾಯಿ ಬೆಕ್ಕುಗಳ ಹುಳುವಿಗೆ ಬಳಸಿದ ಎರಡು ಔಷಧಗಳು ಯಾದಗಿರಿಯ ಜನರ ಅಂಗೈಯಲ್ಲಿ ಒಟ್ಟಿಗೆ ಬಂದವು.

ಬೆಕ್ಕು ಸಾಕುವ ಮನೆಗಳು ನಮ್ಮ ನಗರಗಳಲ್ಲಿ ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಎರಡು ಅಪಾಯಗಳನ್ನು ಹೇಳಲೇಬೇಕು. ದನಕುರಿಗಳಿಗೆಂದು ಔಷಧದಂಗಡಿಯಲ್ಲಿ ಸಿಗುವ ಐವರ್ಮೆಕ್ಟಿನ್ ಚುಚ್ಚುಮದ್ದಿನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 10 ಮಿಲಿಗ್ರಾಂ ಮದ್ದಿರುತ್ತದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ತಿಂಗಳಿಗೆ ಬೇಕಾದದ್ದು ಸುಮಾರು 0.1 ಮಿಲಿಗ್ರಾಂ, ಅಂದರೆ ಆ ದ್ರವದ ಒಂದು ಮಿಲಿಲೀಟರಿನ ನೂರನೆಯ ಒಂದು ಭಾಗ. ಅಷ್ಟನ್ನು ಮನೆಯಲ್ಲಿ ಸಿರಿಂಜಿನಿಂದ ನಿಖರವಾಗಿ ಅಳೆಯುವುದು ಬಹಳ ಕಷ್ಟ. ಅಳತೆ ಮೀರಿದರೆ ಬೆಕ್ಕು ನಡುಗಿ, ಕಣ್ಣು ಕಾಣದೆ, ಎಚ್ಚರ ತಪ್ಪಬಹುದು. ಸೊಳ್ಳೆ, ಉಣ್ಣೆಗಳಿಗೆಂದು ನಾಯಿಯ ಬೆನ್ನಿಗೆ ಹಾಕುವ ಪರ್ಮೆತ್ರಿನ್ ಬೆರೆತ ಹನಿಮದ್ದು ಬೆಕ್ಕಿಗೆ ವಿಷ. ಹೃದಯಹುಳು ದಟ್ಟವಾಗಿರುವ ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾಗಳಲ್ಲಿ ನೆಲೆಸಿ ಬೆಕ್ಕು ಸಾಕಿರುವ ಕನ್ನಡಿಗರು ಮರಿ ಎಂಟು ವಾರ ತುಂಬುತ್ತಲೇ ಪಶುವೈದ್ಯರನ್ನು ಕಂಡು, ಬೆಕ್ಕಿಗೆಂದೇ ತಯಾರಾದ ಮಾಸಿಕ ಮದ್ದನ್ನು ತೂಕಕ್ಕೆ ತಕ್ಕಂತೆ ಬರೆಸಿಕೊಂಡು, ಬೆಕ್ಕು ಮನೆ ಬಿಟ್ಟು ಹೊರಗೆ ಹೋಗದಿದ್ದರೂ ವರ್ಷದ ಹನ್ನೆರಡು ತಿಂಗಳೂ ಕೊಡಬೇಕು.